ವರ್ಣಭೇದ ನಿವಾರಣೆಯ ಹೊರೆ ಕಪ್ಪು ಸಿಬ್ಬಂದಿಯ ಮೇಲೇ ಏಕೆ?

ಪ್ರಶ್ನೆ: ಇಂಗ್ಲೆಂಡಿನ ಎನ್‌ಎಚ್‌ಎಸ್ (ಅಲ್ಲಿನ ಸರ್ಕಾರಿ ಆರೋಗ್ಯ ಸೇವೆ) ಆಸ್ಪತ್ರೆಯೊಂದರಲ್ಲಿ ವಾರ್ಡ್ ಮ್ಯಾನೇಜರ್ ಆಗಿದ್ದೇನೆ. ವರ್ಣಭೇದ ವಿರೋಧಿ ಕಾರ್ಯಕ್ರಮ ಶುರುವಾದ ಮೇಲೆ ನಮ್ಮ ಕಪ್ಪು ನರ್ಸ್‌ಗಳು ಇನ್ನಷ್ಟು ಬಳಲಿದಂತೆ ಕಾಣುತ್ತಾರೆ. ನಾನೇನು ಮಾಡಲಿ?

ಉತ್ತರ: ಕಾರ್ಯಕ್ರಮ ನಡೆಯುವ ರೀತಿಯನ್ನೇ ಮೊದಲು ನೋಡಿ. ಸಭೆ ಕರೆದು "ನಿಮಗಾದ ಅನುಭವ ಹೇಳಿ" ಎನ್ನುತ್ತಾರೆ. ಹೇಳಿಕೊಂಡವರು ಮಧ್ಯಾಹ್ನ ಅದೇ ವಾರ್ಡಿಗೆ, ನೋವು ಕೊಟ್ಟ ಅದೇ ಜನರ ನಡುವೆ ಮರಳಬೇಕು. ಸಮಿತಿಯ ಕೆಲಸವೂ ಅವರ ಪಾಲಿಗೇ, ಅದೂ ಶಿಫ್ಟ್ ಮುಗಿದ ಮೇಲೆ. ಆ ಗಂಟೆಗಳನ್ನು ರೋಸ್ಟರಿನಲ್ಲಿ ಸೇರಿಸಿ, ಸಂಬಳದ ಸಮಯವಾಗಿಸಿ. ಮಾತಾಡಲೊಲ್ಲದವರನ್ನು ಒತ್ತಾಯಿಸಬೇಡಿ.

ಇದು ಇಂದಿನ ಸಮಸ್ಯೆಯಲ್ಲ. 1948ರಲ್ಲಿ ಎನ್‌ಎಚ್‌ಎಸ್ ಆರಂಭವಾದ ನಂತರ ಕೆರಿಬಿಯನ್ ದ್ವೀಪಗಳಿಂದ ಬಂದ ಅನೇಕ ಯುವತಿಯರನ್ನು ಮೂರು ವರ್ಷದ ನರ್ಸಿಂಗ್ ತರಬೇತಿಯ ಬದಲು ಎರಡು ವರ್ಷದ ಕೆಳದರ್ಜೆಯ ತರಬೇತಿಗೆ ಹಾಕಿದರು. ಬಡ್ತಿಯ ದಾರಿ ಅಲ್ಲಿಗೇ ಮುಚ್ಚಿತು. ಯಾರೂ ಬೈಯಬೇಕಾಗಿರಲಿಲ್ಲ, ಒಂದು ಅರ್ಜಿ ನಮೂನೆ ಸಾಕಾಗಿತ್ತು.

ಹಾಗಾಗಿ ತರಬೇತಿ ಶಿಬಿರಗಳಿಗಿಂತ ನಿರ್ಧಾರಗಳು ಆಗುವ ಜಾಗವೇ ಮುಖ್ಯ ಎಂದು ನನ್ನ ದೃಢ ನಂಬಿಕೆ. ಜನಾಂಗೀಯ ಸಮಾನತೆಯನ್ನು ಅಳೆಯಲು ಎನ್‌ಎಚ್‌ಎಸ್ 2015ರಲ್ಲಿ ಮಾನದಂಡ ತಂದಿತು. ಆರಂಭದ ವರದಿಯಲ್ಲಿ ಅಲ್ಪಸಂಖ್ಯಾತ ಜನಾಂಗದ ಸಿಬ್ಬಂದಿ ಶಿಸ್ತುಕ್ರಮಕ್ಕೆ ಒಳಗಾಗುವ ಸಾಧ್ಯತೆ ಬಿಳಿಯರಿಗಿಂತ ಸುಮಾರು ಒಂದೂವರೆ ಪಟ್ಟಿತ್ತು. 2023ರ ಹೊತ್ತಿಗೆ ಅದು ಬಹುತೇಕ ಸಮವಾಯಿತು. ಆದರೆ ಸಂದರ್ಶನದ ಪಟ್ಟಿಯಿಂದ ಕೆಲಸಕ್ಕೆ ಆಯ್ಕೆಯಾಗುವ ಸಾಧ್ಯತೆ ಬಿಳಿಯರಿಗೆ ಆಗಲೂ ಒಂದೂವರೆ ಪಟ್ಟಿಗಿಂತ ಹೆಚ್ಚೇ ಇತ್ತು. ಇನ್ನೊಂದು ಮಾತು: ಈ ಲೆಕ್ಕದಲ್ಲಿ ಭಾರತೀಯರೂ ಕಪ್ಪು ಜನರೂ ಒಂದೇ ಗುಂಪಿನಲ್ಲಿದ್ದಾರೆ. ಸರಾಸರಿ ಸುಧಾರಿಸಿದರೂ ಕಪ್ಪು ನರ್ಸ್‌ಗಳ ಪಾಡು ಹಾಗೇ ಇರಬಹುದು, ಅವರ ಅಂಕಿ ಬೇರೆಯಾಗಿ ಕೇಳಿ. ಮೈಬಣ್ಣ ನೋಡಿ ಹೆಣ್ಣು ಹುಡುಕುವ ಮನೆಗಳಿಂದ ಹೋದ ನಮ್ಮವರೂ ಇಲ್ಲಿ ತಮ್ಮನ್ನೇ ಪ್ರಶ್ನಿಸಿಕೊಳ್ಳುವುದಿದೆ.

ಕಪ್ಪು ನರ್ಸ್ ಒಬ್ಬರ ಮೇಲೆ ದೂರು ಬಂದರೆ, ವಿಚಾರಣೆಗೆ ಮೊದಲು ಹೊರಗಿನವರೊಬ್ಬರಿಂದ ಕಡತ ಓದಿಸಿ: ಇದೇ ತಪ್ಪು ಬೇರೆಯವರು ಮಾಡಿದ್ದರೆ ಮಾತಿನಲ್ಲೇ ಮುಗಿಯುತ್ತಿತ್ತೇ? ರೋಗಿಯೊಬ್ಬರು "ಕಪ್ಪು ನರ್ಸ್ ಬೇಡ" ಎಂದರೆ ಸದ್ದಿಲ್ಲದೆ ಡ್ಯೂಟಿ ಬದಲಿಸಿಬಿಡಬೇಡಿ. ನೀವೇ ಹೋಗಿ ಮಾತಾಡಿ, ಆಮೇಲೆ ಆ ನರ್ಸ್ ಹತ್ತಿರ ಕೂತು ಆಕೆಗೇನು ಬೇಕು ಎಂದು ಕೇಳಿ. ತಾತ್ಕಾಲಿಕ ಮೇಲ್ದರ್ಜೆಯ ಹುದ್ದೆ ಖಾಲಿಯಾದಾಗ ಪರಿಚಿತರ ಕಿವಿಯಲ್ಲಿ ಹೇಳದೆ ಎಲ್ಲರಿಗೂ ಕಾಣುವಂತೆ ನೋಟಿಸ್ ಹಾಕಿ. ಮುಂದಿನ ಬಡ್ತಿಗೆ ಬೇಕಾದ ಅನುಭವ ಸಿಗುವುದು ಇಂಥ ಹುದ್ದೆಗಳಲ್ಲೇ.