ಈ ಸೊನ್ನೆ ಅಂದ್ರೆ ಏನು ಸರ್?

ಕಳೆದ ಮಳೆಗಾಲದಲ್ಲಿ ಒಂದು ಹಳೆಯ ಹಾರ್ಡ್ ಡಿಸ್ಕ್ ಹಿಡಿದುಕೊಂಡು ಬೆಂಗಳೂರಿನ ಒಂದು ವಿಶ್ವವಿದ್ಯಾಲಯದ ಲೈಬ್ರರಿಗೆ ಹೋಗಿದ್ದೆ. ನಾನು ಎಂಎಸ್ಸಿ ಓದುವಾಗ ಮಾಡಿದ ಕೆಲಸ ಅದರಲ್ಲಿತ್ತು. ನಗರದ ಉತ್ತರಕ್ಕಿರುವ ಒಂದು ಕೆರೆಯಲ್ಲಿ ಐದು ಜಾಗ ಗುರುತು ಮಾಡಿಕೊಂಡು, ಹದಿನಾಲ್ಕು ವಾರ, ವಾರಕ್ಕೆರಡು ಸಲ ಹೋಗಿ ನೀರಿನಲ್ಲಿ ಎಷ್ಟು ಆಮ್ಲಜನಕ ಕರಗಿದೆ ಅಂತ ಅಳೆದಿದ್ದೆ. ಒಟ್ಟು 140 ಸಾಲು. ಈಗ ಅದೇ ಕೆರೆಯ ಮೇಲೆ ಸಂಶೋಧನೆ ಮಾಡುತ್ತಿರುವ ಒಬ್ಬ ಹುಡುಗಿ ಆ ಹಳೆಯ ಅಂಕಿಗಳು ಬೇಕು ಅಂದಿದ್ದಳು. ಲೈಬ್ರರಿಯ ಮೂಲಕವೇ ಕೊಡಿ, ಮುಂದೆ ಕೇಳುವವರಿಗೂ ಸಿಗುತ್ತದೆ ಅಂತ ಅವಳದೇ ಸಲಹೆ.

ಲೈಬ್ರೇರಿಯನ್ ಮೇಡಂ ಫೈಲ್ ತೆರೆದರು. ಮೇಲಿಂದ ಕೆಳಗೆ ಒಮ್ಮೆ ಓಡಿಸಿದರು. ಒಂದು ಕಡೆ ಬೆರಳಿಟ್ಟು ಕೇಳಿದರು: "ಈ ಸೊನ್ನೆ ಅಂದ್ರೆ ಏನು ಸರ್? ನೀರಲ್ಲಿ ಆಮ್ಲಜನಕವೇ ಇರಲಿಲ್ಲ ಅಂತನಾ, ಇಲ್ಲ ಆವತ್ತು ನೀವು ಅಳೀಲಿಲ್ಲ ಅಂತನಾ?"

ಅಂಥ ಸೊನ್ನೆಗಳು ಹನ್ನೊಂದು ಇದ್ದವು. ನನ್ನ ಹತ್ತಿರ ಉತ್ತರ ಇರಲಿಲ್ಲ.

ಇದು ಸಣ್ಣ ವಿಷಯ ಅಲ್ಲ. ಕೆರೆಗೆ ಒಳಚರಂಡಿ ನೀರು ಸೇರಿದರೆ ಅದರಲ್ಲಿನ ಕೊಳೆಯನ್ನು ತಿನ್ನುವ ಬ್ಯಾಕ್ಟೀರಿಯಾಗಳು ಆಮ್ಲಜನಕವನ್ನೆಲ್ಲ ಬಳಸಿಬಿಡುತ್ತವೆ. ನಿಜವಾಗಿಯೂ ಸೊನ್ನೆ ಆಗುತ್ತದೆ, ಮೀನು ಸಾಯುತ್ತವೆ. ಮೀಟರ್ ಕೆಟ್ಟರೂ ಅದೇ ಸೊನ್ನೆ ಬರುತ್ತದೆ. ಎರಡೂ ಒಂದೇ ಕಾಲಂನಲ್ಲಿ, ಒಂದೇ ಥರ ಕೂತಿರುತ್ತವೆ. ಮೇಡಂ ಇನ್ನೊಂದು ಪ್ರಶ್ನೆ ಕೇಳಿದರು. "ಎಷ್ಟು ಗಂಟೆಗೆ ಅಳೆದಿದ್ದು?" ಅದೂ ಫೈಲಿನಲ್ಲಿ ಇರಲಿಲ್ಲ. ಹಗಲಲ್ಲಿ ಪಾಚಿ ಆಮ್ಲಜನಕ ಬಿಡುತ್ತದೆ, ರಾತ್ರಿ ಉಸಿರಾಟಕ್ಕೆ ಎಳೆದುಕೊಳ್ಳುತ್ತದೆ. ಹಾಗಾಗಿ ಪಾಚಿ ಜಾಸ್ತಿ ಇರುವ ಕೆರೆ ಬೆಳಗಿನ ಜಾವಕ್ಕೆ ಉಸಿರುಗಟ್ಟಿರುತ್ತದೆ, ಮಧ್ಯಾಹ್ನಕ್ಕೆ ಸುಧಾರಿಸಿಕೊಂಡಿರುತ್ತದೆ. ಗಂಟೆ ಗೊತ್ತಿಲ್ಲದೆ ಆ ಅಂಕಿಯನ್ನು ಇವತ್ತಿನ ಅಂಕಿಯ ಜೊತೆ ಹೋಲಿಸೋದು ಹೇಗೆ?

ಲೈಬ್ರರಿ ಅಂದರೆ ಪುಸ್ತಕ ಕೊಡುವ, ವಾಪಸ್ ತಗೊಳ್ಳುವ ಜಾಗ, ಈಗ ಎಲ್ಲ ಇಂಟರ್ನೆಟ್‌ನಲ್ಲಿರುವಾಗ ಅದರ ಕೆಲಸ ಮುಗಿಯಿತು ಅಂತ ಓದಿದವರೇ ಹೇಳುವುದನ್ನು ಕೇಳಿದ್ದೇನೆ. ಹಾಗೆ ಹೇಳುವವರಿಗೆ ಆ ಎರಡು ಪ್ರಶ್ನೆ ತೋರಿಸಬೇಕು ಅನ್ನಿಸುತ್ತದೆ. ನನ್ನ ಗೈಡ್ ಕೇಳಿರಲಿಲ್ಲ, ಪರೀಕ್ಷೆಗೆ ಬಂದವರು ಕೇಳಿರಲಿಲ್ಲ. ಲೈಬ್ರೇರಿಯನ್ ಕೇಳಿದರು. ಯಾಕೆಂದರೆ ಅವರು ಕಲಿತ ವಿದ್ಯೆಯೇ ಅದು.

ಆ ವಿದ್ಯೆಗೆ ಬೆಂಗಳೂರಿನ ಜೊತೆ ದೊಡ್ಡ ನಂಟಿದೆ. ಎಸ್. ಆರ್. ರಂಗನಾಥನ್ ಮೂಲತಃ ಗಣಿತದ ಮೇಷ್ಟ್ರು. 1924ರಲ್ಲಿ ಮದ್ರಾಸ್ ವಿಶ್ವವಿದ್ಯಾಲಯದ ಗ್ರಂಥಪಾಲಕರಾದರು. 1931ರಲ್ಲಿ ಲೈಬ್ರರಿಯ ಐದು ಸೂತ್ರಗಳನ್ನು ಪ್ರಕಟಿಸಿದರು. 1957ರಲ್ಲಿ ಬೆಂಗಳೂರಿಗೆ ಬಂದು ನೆಲೆಸಿದರು, 1972ರಲ್ಲಿ ಇಲ್ಲೇ ತೀರಿಕೊಂಡರು. ಮೈಸೂರು ರಸ್ತೆಯ ಭಾರತೀಯ ಸಾಂಖ್ಯಿಕ ಸಂಸ್ಥೆಯಲ್ಲಿರುವ ಡಿಆರ್‌ಟಿಸಿ, ಅಂದರೆ ದಾಖಲಾತಿ ಸಂಶೋಧನೆ ಮತ್ತು ತರಬೇತಿ ಕೇಂದ್ರ, 1962ರಲ್ಲಿ ಅವರು ಶುರು ಮಾಡಿದ್ದು. ಯಾವುದೇ ವಿಷಯವನ್ನು ಐದು ಮುಖಗಳಿಂದ ನೋಡಬೇಕು ಅಂತ ಅವರು ಹೇಳಿದರು. ಸರಳವಾಗಿ ಹೇಳುವುದಾದರೆ: ಯಾವುದರ ಬಗ್ಗೆ, ಅದು ಯಾವುದರಿಂದ ಆದದ್ದು, ಅಲ್ಲಿ ಏನು ನಡೆಯಿತು, ಎಲ್ಲಿ, ಯಾವಾಗ. ಪುಸ್ತಕ ಜೋಡಿಸುವುದಕ್ಕೆ ಮಾಡಿದ ಈ ಲೆಕ್ಕಾಚಾರವನ್ನು ನನ್ನ ಕೆರೆಯ ಫೈಲಿಗೆ ಹಾಕಿ ನೋಡಿ. ಕೆರೆ ಇದೆ, ನೀರಿದೆ, ಅಳತೆ ಇದೆ. "ಎಲ್ಲಿ" ಅನ್ನುವ ಕಡೆ ಬರೀ ಎಸ್1, ಎಸ್2 ಅಂತಿದೆ. "ಯಾವಾಗ" ಅನ್ನುವುದು ಅರ್ಧ ಮಾತ್ರ ಇದೆ. ಡೇಟಾದ ಬಗ್ಗೆ ಬರೆದಿಡುವ ಈ ವಿವರಗಳನ್ನೇ ಇವತ್ತು ಮೆಟಾಡೇಟಾ ಅನ್ನುತ್ತಾರೆ.

ನಮಗೆ ಇದು ಹೊಸದೇನೂ ಅಲ್ಲ. ಬೇಗೂರಿನ ನಾಗೇಶ್ವರ ದೇವಸ್ಥಾನಕ್ಕೆ ಹೋಗಿದ್ದರೆ ಅಲ್ಲಿನ ಶಾಸನ ನೋಡಿರುತ್ತೀರಿ. ಸುಮಾರು ಕ್ರಿ.ಶ. 890ರದು, ಗಂಗರ ಕಾಲದ್ದು. ಬೆಂಗಳೂರಿನ ಕಾಳಗದಲ್ಲಿ ಸತ್ತವನ ಹೆಸರು ಅದರಲ್ಲಿದೆ, ಅವನು ಯಾರ ಕಡೆಯವನು ಅನ್ನುವುದೂ ಇದೆ. ಈ ಊರಿನ ಹೆಸರು ಬರಹದಲ್ಲಿ ಸಿಗುವ ಅತಿ ಹಳೆಯ ದಾಖಲೆಗಳಲ್ಲಿ ಅದು ಒಂದು. ಬರೀ ಕತ್ತಿ ಹಿಡಿದ ಆಳಿನ ಚಿತ್ರ ಕೆತ್ತಿ ಬಿಟ್ಟಿದ್ದರೆ ನಮಗೆ ಒಬ್ಬ ವೀರ ಸಿಗುತ್ತಿದ್ದ, ಬೆಂಗಳೂರು ಸಿಗುತ್ತಿರಲಿಲ್ಲ. ದಾನಶಾಸನಗಳನ್ನು ನೋಡಿ. ಶಕವರ್ಷ, ಸಂವತ್ಸರ, ತಿಥಿ, ಕೊಟ್ಟವನು, ಪಡೆದವನು, ಹೊಲದ ನಾಲ್ಕು ಗಡಿ, ಸಾಕ್ಷಿಗಳು. ಬರೆಸಿದವನಿಗೆ ಗೊತ್ತಿತ್ತು, ಓದುವವನು ತನ್ನನ್ನು ಬಂದು ಕೇಳುವ ಹಾಗಿಲ್ಲ ಅಂತ.

ನಾವು ಮಾತ್ರ ಕೇಳಿದರಾಯಿತು ಅಂದುಕೊಂಡಿದ್ದೇವೆ. ಕೆಲವು ಸಂಶೋಧಕರು ಒಂದು ಪರೀಕ್ಷೆ ಮಾಡಿ 2014ರಲ್ಲಿ ಪ್ರಕಟಿಸಿದರು. ಎರಡರಿಂದ ಇಪ್ಪತ್ತೆರಡು ವರ್ಷ ಹಳೆಯದಾದ 516 ಪ್ರಬಂಧಗಳನ್ನು ಆರಿಸಿಕೊಂಡು, ಅವುಗಳ ಮೂಲ ಡೇಟಾ ಕೊಡಿ ಅಂತ ಬರೆದವರನ್ನೇ ಕೇಳಿದರು. ಪ್ರಬಂಧ ಒಂದೊಂದು ವರ್ಷ ಹಳೆಯದಾದಂತೆ, ಡೇಟಾ ಉಳಿದಿರುವುದಕ್ಕೂ ಉಳಿಯದಿರುವುದಕ್ಕೂ ಇರುವ ಅನುಪಾತ ಶೇ 17ರಂತೆ ಕುಸಿಯುತ್ತಿತ್ತು. ಇಮೇಲ್ ವಿಳಾಸ ಸತ್ತಿರುತ್ತದೆ, ಡಿಸ್ಕ್ ಓದುವ ಯಂತ್ರವೇ ಇರುವುದಿಲ್ಲ. ಪ್ರಬಂಧ ಮಾತ್ರ ಲೈಬ್ರರಿಯಲ್ಲಿ ಭದ್ರವಾಗಿರುತ್ತದೆ, ಅದು ನಿಂತಿರುವ ನೆಲ ಇರುವುದಿಲ್ಲ.

ಉಳಿಸಿದರೆ ಏನು ಸಿಗುತ್ತದೆ ಅನ್ನುವುದಕ್ಕೆ ಚಂದ್ರಯಾನ-1ರ ಕಥೆ ಸಾಕು. ಅದು ಹೋದದ್ದು 2008ರ ಅಕ್ಟೋಬರ್‌ನಲ್ಲಿ. 2009ರ ಆಗಸ್ಟ್‌ನಲ್ಲಿ ಸಂಪರ್ಕ ಕಡಿಯಿತು, ನೌಕೆ ಮುಗಿಯಿತು. ಅದರ ಮೇಲಿದ್ದ ನಾಸಾದ ಎಂ3 ಎಂಬ ಉಪಕರಣದ ಡೇಟಾ ಮಾತ್ರ ಉಳಿದಿತ್ತು. ಯಾವ ತರಂಗಾಂತರ, ಯಾವ ಕೋನ, ಯಾವ ಕ್ಷಣ ಅನ್ನುವ ವಿವರಗಳೂ ಜೊತೆಗಿದ್ದವು. ನೌಕೆ ಮೌನವಾಗಿ ಒಂಬತ್ತು ವರ್ಷದ ಮೇಲೆ, 2018ರಲ್ಲಿ, ಅದೇ ಡೇಟಾವನ್ನು ಹೊಸದಾಗಿ ಜಾಲಾಡಿದವರಿಗೆ ಚಂದ್ರನ ಧ್ರುವಗಳ ಬಳಿ ಬಿಸಿಲೇ ಬೀಳದ ಗುಂಡಿಗಳಲ್ಲಿ ಮಂಜುಗಡ್ಡೆ ಇರುವ ನೇರ ಕುರುಹು ಸಿಕ್ಕಿತು. ಹೊಸ ರಾಕೆಟ್ ಬೇಕಾಗಲಿಲ್ಲ. ನಮ್ಮ ಬಾಹ್ಯಾಕಾಶ ವಿಜ್ಞಾನದ ಡೇಟಾ ಕಾಯುವ ಇಸ್ರೋ ಕೇಂದ್ರ ಇರುವುದು ಬೆಂಗಳೂರಿನ ಹೊರಗೆ, ಬ್ಯಾಲಾಳಿನಲ್ಲಿ. ಕೋರಮಂಗಲದಲ್ಲಿರುವ ಭಾರತೀಯ ಖಭೌತ ಸಂಸ್ಥೆಯೂ ಅಂಥದ್ದೇ ಕೆಲಸ ಮಾಡಿದೆ. ಕೊಡೈಕೆನಾಲ್‌ನಲ್ಲಿ ನೂರು ವರ್ಷ ತೆಗೆದ ಸೂರ್ಯನ ಗಾಜಿನ ಪ್ಲೇಟುಗಳನ್ನು ಡಿಜಿಟಲ್ ಮಾಡಿದೆ. ಅಲ್ಲೂ ಅದೇ ಪ್ರಶ್ನೆ ಬರುತ್ತದೆ. ಪ್ಲೇಟ್ ತೆಗೆದ ಸಮಯ ತಪ್ಪಾದರೆ ಸೂರ್ಯನ ಉತ್ತರ ಯಾವ ಕಡೆ ಅನ್ನುವುದೇ ತಪ್ಪುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಭಾಗಕ್ಕೆ ಬರುತ್ತೇನೆ, ಸ್ವಲ್ಪ ನಿಧಾನವಾಗಿಯೇ. "ಕ್ಲೌಡ್‌ನಲ್ಲಿ ಹಾಕಿದ್ದೀನಿ, ಇನ್ನೇನೂ ಆಗಲ್ಲ" ಅನ್ನುವ ನಂಬಿಕೆ ಇದೆಯಲ್ಲ, ಅದು ತಾಯತದ ಮೇಲಿನ ನಂಬಿಕೆಯ ಹಾಗೆ. ಕಟ್ಟಿಕೊಂಡವರು ಮತ್ತೆ ಪರೀಕ್ಷೆ ಮಾಡಿಸುವುದಿಲ್ಲ. ಡಿಸ್ಕ್ ಹಳತಾಗುತ್ತದೆ. ಪೆನ್ ಡ್ರೈವ್‌ನಲ್ಲಿ ಕೂಡಿಟ್ಟ ವಿದ್ಯುದಂಶ ವರ್ಷಗಳಲ್ಲಿ ಸೋರಿಹೋಗುತ್ತದೆ. ನಕಲು ಮಾಡುವಾಗ ಒಂದು ಬಿಟ್, ಅಂದರೆ ಕಂಪ್ಯೂಟರ್ ಬರೆದಿಡುವ ಒಂದು 0 ಅಥವಾ 1, ಅದಲುಬದಲಾಗಬಹುದು. ಒಂದೇ ಒಂದು ಬಿಟ್ ತಾನೇ ಅನ್ನಬೇಡಿ. ಪಠ್ಯದ ಫೈಲಿನಲ್ಲಿ ಕಂಪ್ಯೂಟರ್ ಸೊನ್ನೆಯನ್ನು 00110000 ಅಂತ ಬರೆದುಕೊಳ್ಳುತ್ತದೆ. ನಾಲ್ಕನ್ನು 00110100 ಅಂತ. ಎರಡಕ್ಕೂ ವ್ಯತ್ಯಾಸ ಒಂದು ಬಿಟ್. ಕೇಂದ್ರ ಮಾಲಿನ್ಯ ನಿಯಂತ್ರಣ ಮಂಡಳಿಯ ಲೆಕ್ಕದಲ್ಲಿ ಮೀನು ಮತ್ತು ವನ್ಯಜೀವಿಗಳಿಗೆ ಯೋಗ್ಯವಾದ ನೀರಿನಲ್ಲಿ ಲೀಟರಿಗೆ ಕನಿಷ್ಠ 4 ಮಿಲಿಗ್ರಾಂ ಆಮ್ಲಜನಕ ಇರಬೇಕು. ಅಂದರೆ ಒಂದು ಬಿಟ್ ಮಗುಚಿದರೆ ಸತ್ತ ಕೆರೆಯಲ್ಲಿ ಮೀನು ಓಡಾಡುತ್ತವೆ!

ಇದನ್ನು ಹಿಡಿಯುವುದು ಹೇಗೆ? ಹಳೆಗನ್ನಡದ ಕಂದಪದ್ಯ ನೆನಪು ಮಾಡಿಕೊಳ್ಳಿ. ಒಂದನೆಯ, ಮೂರನೆಯ ಸಾಲಿಗೆ 12 ಮಾತ್ರೆ. ಎರಡನೆಯ, ನಾಲ್ಕನೆಯ ಸಾಲಿಗೆ 20. ಒಟ್ಟು 64. ಓಲೆಗರಿ ನಕಲು ಮಾಡುವವನು ಒಂದು ಲಘು, ಅಂದರೆ ಒಂದು ಮಾತ್ರೆಯ ಅಕ್ಷರ, ಬಿಟ್ಟರೆ ಲೆಕ್ಕ 63 ಆಗುತ್ತದೆ. ಅರ್ಥ ಗೊತ್ತಿಲ್ಲದಿದ್ದರೂ ಎಲ್ಲೋ ತಪ್ಪಿದೆ ಅಂತ ಗೊತ್ತಾಗುತ್ತದೆ. ಎರಡನೆಯ ಅಕ್ಷರದ ಪ್ರಾಸ ಇನ್ನೊಂದು ಕಾವಲು. ಆದರೆ ಈ ಕಾವಲಿಗೆ ಮಿತಿ ಇದೆ. ಒಂದು ಲಘುವಿನ ಜಾಗದಲ್ಲಿ ಇನ್ನೊಂದು ಲಘು ಕೂತರೆ ಮಾತ್ರೆ ಸರಿಯಾಗಿಯೇ ಇರುತ್ತದೆ, ತಪ್ಪು ತಪ್ಪಿಸಿಕೊಳ್ಳುತ್ತದೆ.

ಪುಸ್ತಕದ ಹಿಂದೆ ಇರುವ ಐಎಸ್‌ಬಿಎನ್ ಅನ್ನುವ ಗುರುತಿನ ಸಂಖ್ಯೆ ಇನ್ನೂ ಸ್ವಲ್ಪ ಗಟ್ಟಿ. ಹದಿಮೂರು ಅಂಕಿಗಳನ್ನು ಒಂದು ಬಿಟ್ಟು ಒಂದರಂತೆ 1ರಿಂದ, 3ರಿಂದ ಗುಣಿಸಿ ಕೂಡಿ. ಮೊತ್ತ ಹತ್ತರ ಮಗ್ಗಿಯಲ್ಲಿ ಬರಲೇಬೇಕು. ಹಾಗೆ ಬರುವಂತೆ ಕೊನೆಯ ಅಂಕಿಯನ್ನು ಆರಿಸಿರುತ್ತಾರೆ. ಒಂದು ಅಂಕಿ ತಪ್ಪಿದರೆ ಮೊತ್ತ ಕೆಡುತ್ತದೆ. ಕೈಯಲ್ಲಿರುವ ಯಾವುದಾದರೂ ಪುಸ್ತಕ ತಿರುಗಿಸಿ ಮಾಡಿ ನೋಡಿ, ಎರಡು ನಿಮಿಷದ ಕೆಲಸ. ಆಧಾರ್ ಸಂಖ್ಯೆಯ ಕೊನೆಯ ಅಂಕಿಯೂ ಹೀಗೇ ಕಾವಲಿಗೆ ಇರುವುದು, ಲೆಕ್ಕ ಮಾತ್ರ ಬೇರೆ.

ಲೈಬ್ರರಿಗಳು ಡೇಟಾಕ್ಕೆ ಬಳಸುವುದು ಹ್ಯಾಶ್ ಅನ್ನುವ ಉಪಾಯ. ಅರಿಶಿನದ ನೀರಿಗೆ ಚಿಟಿಕೆ ಸುಣ್ಣ ಹಾಕಿದರೆ ಇಡೀ ತಟ್ಟೆ ಕೆಂಪಾಗುತ್ತದೆ, ಓಕುಳಿ ಆಗುತ್ತದೆ, ಅಲ್ವಾ? ಸುಣ್ಣ ಬಿದ್ದ ಜಾಗ ಮಾತ್ರ ಕೆಂಪಾಗಿ ಉಳಿದದ್ದು ಹಳದಿ ಇರುವುದಿಲ್ಲ. ಶಾ-256 ಅನ್ನುವ ಹ್ಯಾಶ್ ಕೂಡ ಹಾಗೇ. ಫೈಲ್ ಎಷ್ಟೇ ದೊಡ್ಡದಿರಲಿ, ಅದನ್ನೆಲ್ಲ ಅರೆದು 64 ಅಕ್ಷರದ ಒಂದು ಗುರುತು ಕೊಡುತ್ತದೆ. ಫೈಲಿನಲ್ಲಿ ಒಂದು ಬಿಟ್ ಬದಲಾದರೆ ಗುರುತಿನ ಸುಮಾರು ಅರ್ಧ ಬಿಟ್‌ಗಳು ಬದಲಾಗಿ ಅದು ಪೂರಾ ಬೇರೆಯೇ ಆಗಿ ಕಾಣುತ್ತದೆ. ಮೊದಲ ದಿನವೇ ಗುರುತು ಬರೆದಿಟ್ಟುಕೊಂಡು, ಆಗಾಗ ಮತ್ತೆ ಲೆಕ್ಕ ಹಾಕಿ ಎರಡನ್ನೂ ತಾಳೆ ನೋಡುತ್ತಾರೆ. ತಾಳೆಯಾಗದಿದ್ದರೆ ಬೇರೆ ಊರಿನಲ್ಲಿಟ್ಟ ನಕಲಿನಿಂದ ಸರಿ ಮಾಡುತ್ತಾರೆ. ಮೂರು ನಕಲು, ಎರಡು ಬೇರೆ ಬಗೆಯ ಸಾಧನ, ಒಂದಾದರೂ ದೂರದ ಜಾಗ ಅನ್ನುವುದು ಈ ಕೆಲಸದವರ ಲೆಕ್ಕ. ಕಂದಕ್ಕೂ 64, ಹ್ಯಾಶ್‌ಗೂ 64 ಅಂತ ಗೊತ್ತಾದ ದಿನ ನನಗೆ ಖುಷಿಯೋ ಖುಷಿ. ಆದರೆ ಇದು ಬರೀ ಕಾಕತಾಳೀಯ. ನಮ್ಮ ಕವಿಗಳಿಗೆ ಹ್ಯಾಶ್ ಗೊತ್ತಿತ್ತು ಅಂತ ದಯವಿಟ್ಟು ಯಾರೂ ವಾಟ್ಸಾಪ್‌ನಲ್ಲಿ ಹಂಚಬೇಡಿ. ಅವರಿಗೆ ಛಂದಸ್ಸು ಗೊತ್ತಿತ್ತು, ಅದೇ ದೊಡ್ಡದು.

ಕಾವಲು ಇದ್ದೂ ಕೆಡುವುದು ಉಂಟು. ಎಕ್ಸೆಲ್ 'ಮಾರ್ಚ್1', 'ಸೆಪ್ಟ್2' ಅನ್ನುವ ಜೀನ್ ಹೆಸರುಗಳನ್ನು ತಾರೀಖು ಅಂದುಕೊಂಡು ಬದಲಿಸಿಬಿಡುತ್ತಿತ್ತು. ಇದು ಎಷ್ಟು ಪ್ರಬಂಧಗಳಿಗೆ ನುಸುಳಿತು ಅಂದರೆ, 2020ರಲ್ಲಿ ಆ ಜೀನ್‌ಗಳ ಹೆಸರನ್ನೇ ಬದಲಾಯಿಸಬೇಕಾಯಿತು. ಇಲ್ಲಿ ಹ್ಯಾಶ್ ಏನೂ ಮಾಡಲಾರದು, ಕೆಟ್ಟ ಫೈಲನ್ನೇ ಭದ್ರವಾಗಿ ಕಾಯುತ್ತದೆ. ಅದಕ್ಕೇ ಫೈಲ್ ಒಳಗೆ ಬರುವ ಮುಂಚೆ ಒಬ್ಬ ಮನುಷ್ಯ ಕೂತು ನೋಡಬೇಕು.

ಡೇಟಾ ಸಿಗಬೇಕು, ತೆರೆಯಬೇಕು, ಬೇರೆಯದರ ಜೊತೆ ಕೂಡಬೇಕು, ಮತ್ತೆ ಬಳಕೆಗೆ ಬರಬೇಕು. 2016ರಲ್ಲಿ ಪ್ರಕಟವಾದ ಫೇರ್ ತತ್ವಗಳು ಹೇಳುವುದು ಇಷ್ಟೇ. ಸಿಗುವುದಕ್ಕೆ ಡಿಒಐ ಇದೆ, ಜಾಲತಾಣದ ವಿಳಾಸ ಬದಲಾದರೂ ಬದಲಾಗದ ನಂಬರ್. ಎಲ್ಲವನ್ನೂ ಎಲ್ಲರಿಗೂ ತೆರೆದಿಡಬೇಕು ಅಂತಲೂ ಅಲ್ಲ. ರೋಗಿಗಳ ಹುಟ್ಟಿದ ದಿನ ಮತ್ತು ಪಿನ್‌ಕೋಡ್ ಇದ್ದರೆ ಹೆಸರಿಲ್ಲದಿದ್ದರೂ ಆಳು ಸಿಕ್ಕಿಬೀಳಬಹುದು. ಅಂಥದ್ದನ್ನು ಬೀಗ ಹಾಕಿ ಇಡುವುದೂ ಲೈಬ್ರರಿಯ ಕೆಲಸವೇ. ವೈದ್ಯಕೀಯ ಸಂಶೋಧನೆಗೆ ಹಣ ಕೊಡುವ ಅಮೆರಿಕದ ಸರ್ಕಾರಿ ಸಂಸ್ಥೆ ಎನ್‌ಐಎಚ್ 2023ರಿಂದ, ಹಣ ಬೇಕಾದರೆ ಡೇಟಾ ಹೇಗೆ ಕಾಯುತ್ತೀರಿ ಅಂತ ಮೊದಲೇ ಬರೆದುಕೊಡಿ ಅನ್ನುತ್ತಿದೆ. ನಮ್ಮಲ್ಲಿ ಭಾರತೀಯ ವಿಜ್ಞಾನ ಸಂಸ್ಥೆ 2002ರಲ್ಲೇ ತನ್ನ ಪ್ರಬಂಧಗಳ ತೆರೆದ ಭಂಡಾರ ಶುರು ಮಾಡಿತ್ತು, ದೇಶದಲ್ಲೇ ಮೊದಲು ಅಂತ ಅದನ್ನು ಹೇಳುತ್ತಾರೆ. ಪ್ರಬಂಧಕ್ಕೆ ಕೊಟ್ಟ ಆ ಜಾಗವನ್ನು ಪ್ರತಿ ಕಾಲೇಜಿನ ಲೈಬ್ರರಿಯಲ್ಲೂ ಡೇಟಾಕ್ಕೂ ಕೊಡಬೇಕು. ಖಾಲಿ ಬಿದ್ದಿರುವ ಲೈಬ್ರೇರಿಯನ್ ಹುದ್ದೆಗಳನ್ನು ತುಂಬದೆ ಇದು ಆಗುವ ಮಾತಲ್ಲ.

ಆವತ್ತು ಸಂಜೆ ತುಮಕೂರಿಗೆ ಫೋನ್ ಮಾಡಿದೆ. "ಅಮ್ಮ, ಅಟ್ಟದ ಮೇಲೆ ನನ್ನ ಹಸಿರು ರಟ್ಟಿನ ನೋಟ್‌ಬುಕ್ ಇದೆಯಾ ನೋಡು."

"ಹಳೇ ಪೇಪರ್‌ನವನಿಗೆ ಹಾಕಿಲ್ಲ ಕಣೋ. ಇದೆ. ಕಂಬಳಿ ಪೆಟ್ಟಿಗೇಲಿ."

ಮುಂದಿನ ವಾರ ಅದನ್ನು ತಗೊಂಡು ಹೋದೆ. ಮೇಡಂ ಒಂದೊಂದೇ ಪುಟ ತಿರುಗಿಸಿದರು. ನಾನು ಸಾಲಿನ ನಂಬರ್ ಓದಿದೆ. ಏಳು ಸೊನ್ನೆಗಳ ಪಕ್ಕದಲ್ಲಿ ಪೆನ್ಸಿಲ್‌ನಲ್ಲಿ "ಮೀ.ಕೆ." ಅಂತಿತ್ತು. ಮೀಟರ್ ಕೆಟ್ಟಿದೆ ಅಂತ ನಾನೇ ಮಾಡಿಕೊಂಡಿದ್ದ ಗುರುತು. ಆ ಏಳು ಕೋಣೆಗಳನ್ನು ಖಾಲಿ ಬಿಟ್ಟು, ಪಕ್ಕದ ಕಾಲಂನಲ್ಲಿ ಕಾರಣ ಬರೆದರು. ಮೂರರ ಪಕ್ಕದಲ್ಲಿ "ವಾಸನೆ, ಸತ್ತ ಮೀನು, ಬೆಳಗ್ಗೆ 6.10" ಅಂತಿತ್ತು. ಅವು ಸೊನ್ನೆಗಳಾಗಿಯೇ ಉಳಿದವು. ಹನ್ನೊಂದನೆಯದರ ಪಕ್ಕ ಏನೂ ಇರಲಿಲ್ಲ. ನನ್ನ ಮುಖ ನೋಡಿದರು. ನೆನಪಿಲ್ಲ ಅಂದೆ. ಅದನ್ನೂ ಹಾಗೇ ದಾಖಲು ಮಾಡಿದರು: "ಸಾಲು 93: ಸೊನ್ನೆಯ ಅರ್ಥ ಅಳೆದವರಿಗೂ ಖಚಿತವಿಲ್ಲ."