ಮೇಲ್ ಸಿಂಕ್ ಸದ್ದಿಲ್ಲದೆ ನಿಂತುಹೋದರೆ?

ಪ್ರಶ್ನೆ: ಲಿನಕ್ಸ್ ಲ್ಯಾಪ್‌ಟಾಪ್‌ನಲ್ಲಿ ಆಫ್‌ಲೈನ್‌ಐಮ್ಯಾಪ್ (ಸರ್ವರ್‌ನ ಮೇಲ್ ಅನ್ನು ಲ್ಯಾಪ್‌ಟಾಪ್‌ಗೆ ಇಳಿಸಿಡುವ ಪ್ರೋಗ್ರಾಂ) ಹಾಕಿಕೊಂಡಿದ್ದೇನೆ. ಒಂದೆರಡು ದಿನ ಚೆನ್ನಾಗಿರುತ್ತದೆ. ಆಮೇಲೆ ಹೊಸ ಮೇಲ್ ಬರುವುದೇ ಇಲ್ಲ. ಎರರ್ ಕೂಡ ಇಲ್ಲ, ನೋಡಿದರೆ ಪ್ರೋಗ್ರಾಂ ಓಡುತ್ತಲೇ ಇರುತ್ತದೆ! ಏನು ಮಾಡಲಿ?

ಉತ್ತರ: ಲ್ಯಾಪ್‌ಟಾಪ್ ಮುಚ್ಚಿ ತೆಗೆದ ಮೇಲೆ, ಇಲ್ಲವೇ ವೈಫೈ ಬಿಟ್ಟು ಮೊಬೈಲ್ ಹಾಟ್‌ಸ್ಪಾಟ್ ಹಿಡಿದ ಮೇಲೆ ಹೀಗಾಗುತ್ತದೆ, ಅಲ್ವಾ? ಹಳೆಯ ಕನೆಕ್ಷನ್ ಆಗಲೇ ಸತ್ತಿರುತ್ತದೆ. ಆ ಸುದ್ದಿ ಪ್ರೋಗ್ರಾಂಗೆ ಮುಟ್ಟಿರುವುದಿಲ್ಲ. ಸರ್ವರ್ ಏನಾದರೂ ಹೇಳಲಿ ಎಂದು ಸುಮ್ನೆ ಕಾಯುತ್ತಾ ಕೂತಿರುತ್ತದೆ, ರೂಟ್ ಬದಲಾಗಿದ್ದು ಗೊತ್ತಿಲ್ಲದೆ ಹಳೇ ಸ್ಟಾಪಿನಲ್ಲಿ ಬಸ್ಸಿಗೆ ನಿಂತವರ ಹಾಗೆ. ಎಷ್ಟು ಹೊತ್ತು ಕಾಯಬೇಕು ಅನ್ನುವ ಮಿತಿಯನ್ನು ನಾವೇ ಹಾಕಬೇಕು. ಕಾನ್ಫಿಗ್ ಫೈಲ್‌ನ ಜನರಲ್ ಭಾಗದಲ್ಲಿ 'ಸಾಕ್‌ಟೈಮ್‌ಔಟ್' ಅನ್ನು 60 ಸೆಕೆಂಡಿಗೆ ಇಡಿ.

ಅಷ್ಟಕ್ಕೇ ನಂಬಿ ಕೂರಬೇಡಿ. ಈ ಪ್ರೋಗ್ರಾಂ ಅನ್ನು ದಿನವಿಡೀ ಓಡಿಸುವುದೇ ಬೇಡ ಅನ್ನುವುದು ನನ್ನ ಅಭಿಪ್ರಾಯ. ಬರಲಿ, ಮೇಲ್ ತರಲಿ, ಹೋಗಲಿ. ಆಗಾಗ ತಾನೇ ಸಿಂಕ್ ಮಾಡಿಸುವ 'ಆಟೋರಿಫ್ರೆಶ್' ಸೆಟ್ಟಿಂಗ್ ತೆಗೆದುಹಾಕಿ, ಒಂದೇ ಸಲ ಓಡಿ ನಿಲ್ಲುವ ಆಯ್ಕೆ ಕೊಟ್ಟು, ಐದು ನಿಮಿಷಕ್ಕೊಮ್ಮೆ ಸಿಸ್ಟಂಡಿ (ಲಿನಕ್ಸ್‌ನಲ್ಲಿ ಪ್ರೋಗ್ರಾಂಗಳನ್ನು ಎಬ್ಬಿಸಿ ನಡೆಸುವ ವ್ಯವಸ್ಥೆ) ಟೈಮರ್‌ನಿಂದ ಎಬ್ಬಿಸಿ. ಹೊತ್ತಿಗೆ ಸರಿಯಾಗಿ ಪ್ರೋಗ್ರಾಂ ಓಡಿಸುವ ಕ್ರಾನ್ ಕೂಡ ಆಗುತ್ತದೆ, ಆದರೆ ಮೊದಲನೆಯದು ಸಿಕ್ಕಿಹಾಕಿಕೊಂಡಿದ್ದರೂ ಅದು ಇನ್ನೊಂದನ್ನು ಎಬ್ಬಿಸಿಬಿಡುತ್ತದೆ. ಅದನ್ನು ತಡೆಯಲು 'ಎಫ್‌ಲಾಕ್' ಅನ್ನುವ ಕಮಾಂಡ್ ಸೇರಿಸಬೇಕು. ಸಿಸ್ಟಂಡಿಯಲ್ಲಿ ಆ ರಗಳೆ ಇಲ್ಲ.

ಅಲ್ಲೂ ಒಂದು ಗುಂಡಿ ಇದೆ. 'ಒನ್‌ಶಾಟ್' ಬಗೆಯ, ಅಂದರೆ ಒಮ್ಮೆ ಓಡಿ ಮುಗಿಯುವ ಸರ್ವೀಸ್‌ಗೆ ಸಿಸ್ಟಂಡಿ ತಾನಾಗಿ ಸಮಯದ ಮಿತಿ ಹಾಕುವುದಿಲ್ಲ. ಒಮ್ಮೆ ಸಿಕ್ಕಿಕೊಂಡರೆ ಟೈಮರೂ ಅದರ ಜೊತೆಗೇ ಕಾಯುತ್ತದೆ. ಹಾಗಾಗಿ 'ಟೈಮ್‌ಔಟ್‌ಸ್ಟಾರ್ಟ್‌ಸೆಕ್' ಅನ್ನು ನಾಲ್ಕು ನಿಮಿಷಕ್ಕೆ ಇಡಿ. ಮೊದಲ ಸಲದ ದೊಡ್ಡ ಸಿಂಕ್‌ಗೆ ಇದು ಸಾಲುವುದಿಲ್ಲ, ಅದನ್ನು ಕೈಯಾರೆ ಮುಗಿಸಿಕೊಳ್ಳಿ.

ಮಿತಿ ಮುಗಿಯಿತೆಂದು ಸಿಂಕ್ ಅನ್ನು ನಡುವೆ ಕೊಂದರೆ ಮೇಲ್ ಹಾಳಾಗದೇ? ಒಂದೊಂದು ಮೇಲನ್ನೂ ಒಂದೊಂದು ಫೈಲ್ ಆಗಿ ಇಡುವ ಮೇಲ್‌ಡಿರ್ ವ್ಯವಸ್ಥೆ ಇರುವುದೇ ಇಂಥದ್ದಕ್ಕೆ. ಬಂದ ಮೇಲ್ ಮೊದಲು 'ಟೆಂಪ್' ಫೋಲ್ಡರಿನಲ್ಲಿ ಪೂರ್ತಿ ಇಳಿದು, ಆಮೇಲಷ್ಟೇ 'ನ್ಯೂ' ಫೋಲ್ಡರಿಗೆ ಹೋಗುತ್ತದೆ. ಅರ್ಧ ಮೇಲ್ ನಿಮ್ಮ ಕಣ್ಣಿಗೆ ಬೀಳುವುದಿಲ್ಲ.

ಜಿಮೇಲ್ ಆದರೆ 'ಆಲ್ ಮೇಲ್' ಫೋಲ್ಡರ್ ಬಿಟ್ಟುಬಿಡಿ. ಇನ್‌ಬಾಕ್ಸ್‌ನಲ್ಲಿ ಇರುವುದೇ ಅಲ್ಲೂ ಇರುತ್ತದೆ, ಸುಮ್ನೆ ಎರಡೆರಡು ಸಲ ಇಳಿಯುತ್ತದೆ. ಒಂದು ಖಾತೆಗೆ ಒಟ್ಟಿಗೆ 15 ಐಮ್ಯಾಪ್ ಕನೆಕ್ಷನ್ ಮಾತ್ರ ಅನ್ನುವುದೂ ನೆನಪಿರಲಿ, ಫೋನಿನದೂ ಅದರಲ್ಲೇ ಲೆಕ್ಕ.

ಇಷ್ಟೆಲ್ಲ ಮಾಡಿದ ಮೇಲೂ ಅದು ಸದ್ದಿಲ್ಲದೆ ಸೋಲಬಹುದು. ನೀವು ಗೂಗಲ್ ಪಾಸ್‌ವರ್ಡ್ ಬದಲಿಸಿದರೆ ಆಪ್ ಪಾಸ್‌ವರ್ಡ್‌ಗಳೆಲ್ಲ (ಇಂಥ ಪ್ರೋಗ್ರಾಂಗಳಿಗೆಂದೇ ಗೂಗಲ್ ಕೊಡುವ ಬೇರೆ ಪಾಸ್‌ವರ್ಡ್‌ಗಳು) ರದ್ದಾಗುತ್ತವೆ. ಆಮೇಲೆ ಐದೈದು ನಿಮಿಷಕ್ಕೂ ಲಾಗಿನ್ ಎರರ್, ಅದೂ ಯಾರೂ ತೆರೆಯದ ಲಾಗ್‌ನಲ್ಲಿ. ಅದಕ್ಕೆ ಸಿಂಕ್ ಸರಿಯಾಗಿ ಮುಗಿದಾಗಲೆಲ್ಲ ಒಂದು ಖಾಲಿ ಫೈಲ್‌ನ ಸಮಯ ಹೊಸದಾಗುವಂತೆ ಮಾಡಿ. ಆ ಸಮಯ ಒಂದು ಗಂಟೆಗಿಂತ ಹಳೆಯದಾದರೆ ಸ್ಕ್ರೀನ್ ಮೇಲೆ ನೋಟಿಫಿಕೇಶನ್ ಬರಲಿ.