ಅರ್ಧ ಸಿಟ್ಟು ಅಪ್ಪನದಲ್ಲ

ಸ್ವಭಾವದ ಬಗ್ಗೆ ಸಾಕಷ್ಟು ಓದಿಕೊಂಡೇ ಆಪ್ತಸಲಹೆಗೆಂದು ನನ್ನ ಬಳಿ ಬರುವವರು ಈಗ ಹೆಚ್ಚಾಗಿದ್ದಾರೆ. ಅದು ಸಂತೋಷದ ವಿಷಯ. ಆದರೆ ಅವರಲ್ಲಿ ಬಹಳ ಮಂದಿ ಒಂದು ಅಂಕಿಯನ್ನು ಗಟ್ಟಿಯಾಗಿ ಹಿಡಿದುಕೊಂಡಿರುತ್ತಾರೆ: ಸ್ವಭಾವದಲ್ಲಿ ಶೇ 50 ವಂಶವಾಹಿಯಿಂದ, ಶೇ 50 ಪರಿಸರದಿಂದ. "ಹಾಗಾದರೆ ನನ್ನ ಸಿಟ್ಟಿನಲ್ಲಿ ಅರ್ಧ ಅಪ್ಪನದು ಮೇಡಂ. ಅದಕ್ಕೆ ನೀವೂ ಏನೂ ಮಾಡಲಾಗದು. ಉಳಿದರ್ಧಕ್ಕೆ ಏನಾದರೂ ದಾರಿ ಹೇಳಿ" ಎನ್ನುತ್ತಾರೆ. ಹಾಗೆನ್ನುವಾಗ ಮುಖದಲ್ಲಿ ಭಾರ ಇಳಿಸಿದ ನೆಮ್ಮದಿ ಕಾಣುತ್ತದೆ. ಆ ನೆಮ್ಮದಿಯನ್ನು ಕಂಡಾಗಲೆಲ್ಲ ನನಗೆ ಕಸಿವಿಸಿಯಾಗುತ್ತದೆ, ಏಕೆಂದರೆ ಆ ಲೆಕ್ಕ ಬುಡದಲ್ಲೇ ತಪ್ಪಿದೆ.

ಅಂಕಿಯೇನೋ ಸುಳ್ಳಲ್ಲ. ತದ್ರೂಪಿ ಅವಳಿಗಳ ವಂಶವಾಹಿಗಳು ಹೆಚ್ಚುಕಡಿಮೆ ಪೂರ್ತಿ ಒಂದೇ. ಉಳಿದ ಅವಳಿಗಳಲ್ಲಿ ಸಾಮಾನ್ಯ ಒಡಹುಟ್ಟಿದವರಷ್ಟೇ ಹೋಲಿಕೆ. ಈ ಎರಡು ಬಗೆಯ ಜೋಡಿಗಳನ್ನು ಪಕ್ಕಪಕ್ಕದಲ್ಲಿಟ್ಟು ಅಳೆದೇ ಇಂಥ ಅಂಕಿಗಳು ಹೊರಬಂದಿವೆ. ಮಿನ್ನೆಸೋಟ ವಿಶ್ವವಿದ್ಯಾಲಯದ ಥಾಮಸ್ ಬುಶಾರ್ಡ್ 1979ರಲ್ಲಿ ಬೇರೆ ಬೇರೆ ಮನೆಗಳಲ್ಲಿ ಬೆಳೆದ ಅವಳಿಗಳನ್ನೇ ಹುಡುಕಿ ಅಧ್ಯಯನ ಶುರುಮಾಡಿದರು. ಇಂಥ ಎಷ್ಟೋ ಅಧ್ಯಯನಗಳನ್ನು ಒಟ್ಟಿಗೆ ನೋಡಿದರೆ ವ್ಯಕ್ತಿತ್ವದ ಲಕ್ಷಣಗಳ ಆನುವಂಶೀಯತೆ ಶೇ 40ರಿಂದ 50ರ ಆಸುಪಾಸಿನಲ್ಲಿ ನಿಲ್ಲುತ್ತದೆ.

ಆದರೆ ಅದು ಯಾವುದರ ಶೇ 50? ಇಲ್ಲಿ ದಯವಿಟ್ಟು ಸ್ವಲ್ಪ ನಿಂತು ಓದಿ. ಒಂದು ದೊಡ್ಡ ಗುಂಪಿನ ಜನರಲ್ಲಿ ಕೆಲವರಿಗೆ ಬೇಗ ಸಿಟ್ಟು ಬರುತ್ತದೆ, ಕೆಲವರಿಗೆ ತಡವಾಗಿ ಬರುತ್ತದೆ. ಅವರವರ ನಡುವೆ ಇರುವ ಈ ವ್ಯತ್ಯಾಸದಲ್ಲಿ ಎಷ್ಟು ಭಾಗವನ್ನು ವಂಶವಾಹಿಗಳ ವ್ಯತ್ಯಾಸದೊಂದಿಗೆ ತಾಳೆ ಹಾಕಬಹುದು ಎಂಬುದನ್ನಷ್ಟೇ ಆ ಅಂಕಿ ಹೇಳುತ್ತದೆ. ಅದು ಗುಂಪಿನ ಲೆಕ್ಕ. ನಿಮ್ಮೊಬ್ಬರ ಸಿಟ್ಟನ್ನು ಎರಡು ಪಾಲು ಮಾಡಿ ಒಂದನ್ನು ಅಪ್ಪನ ಹೆಸರಿಗೆ ಬರೆಯಲು ಅದರಲ್ಲಿ ಅವಕಾಶವೇ ಇಲ್ಲ. ಚಪ್ಪಾಳೆಯ ಸದ್ದಿನಲ್ಲಿ ಬಲಗೈಯ ಪಾಲೆಷ್ಟು, ಎಡಗೈಯ ಪಾಲೆಷ್ಟು ಎಂದು ಕೇಳಿದರೆ ಏನು ಉತ್ತರ ಹೇಳುವುದು?

ಇನ್ನೂ ಮನಸ್ಸಿಗೆ ಹತ್ತದವರಿಗೆ ನಾನು ನನ್ನ ಕೈಯನ್ನೇ ಮೇಜಿನ ಮೇಲೆ ಚಾಚಿ ತೋರಿಸುತ್ತೇನೆ. ಗರ್ಭದಲ್ಲಿ ಕೈಗೆ ಐದು ಬೆರಳು ಮೂಡುವುದು ವಂಶವಾಹಿಗಳ ಅಪ್ಪಣೆಯಂತೆಯೇ. ಹಾಗಿದ್ದೂ ಬೆರಳುಗಳ ಸಂಖ್ಯೆಯ ಆನುವಂಶೀಯತೆಯನ್ನು ಲೆಕ್ಕ ಹಾಕಿದರೆ ಬಹಳ ಕಡಿಮೆ ಬರುತ್ತದೆ. ಬಹುತೇಕ ಎಲ್ಲರಿಗೂ ಐದೇ ಬೆರಳು. ಕಡಿಮೆ ಇರುವವರಲ್ಲಿ ಹೆಚ್ಚಿನವರು ಅಪಘಾತದಲ್ಲೋ ಯಂತ್ರಕ್ಕೆ ಸಿಕ್ಕಿಯೋ ಕಳೆದುಕೊಂಡವರು. ಅಂದರೆ ವ್ಯತ್ಯಾಸ ಹುಟ್ಟಿದ್ದು ಹೊರಗಿನಿಂದ. ಎತ್ತರದ ವಿಷಯ ಇದಕ್ಕೆ ತಿರುಗುಮುರುಗು. ಎತ್ತರದ ಆನುವಂಶೀಯತೆ ಸುಮಾರು ಶೇ 80. ಆದರೂ 1896ರಲ್ಲಿ ಹುಟ್ಟಿದ ದಕ್ಷಿಣ ಕೊರಿಯಾದ ಮಹಿಳೆಯರಿಗಿಂತ 1996ರಲ್ಲಿ ಹುಟ್ಟಿದವರು ಸರಾಸರಿ 20 ಸೆಂಟಿಮೀಟರ್ ಎತ್ತರ ಬೆಳೆದಿದ್ದಾರೆ. ನೂರು ವರ್ಷದಲ್ಲಿ ಒಂದು ದೇಶದ ವಂಶವಾಹಿಗಳು ಅಷ್ಟು ಬದಲಾಗುವುದಿಲ್ಲ. ಬದಲಾದದ್ದು ಊಟ, ಆರೋಗ್ಯ, ಬದುಕಿದ ರೀತಿ. ಆನುವಂಶೀಯತೆಯ ಅಂಕಿ ದೊಡ್ಡದಾಗಿದ್ದ ಮಾತ್ರಕ್ಕೆ ಆ ಲಕ್ಷಣ ಅಲುಗಾಡುವುದಿಲ್ಲ ಎಂದು ಅರ್ಥವಾಗುವುದಿಲ್ಲ. ಇದನ್ನು ನಾನು ಒಂದೇ ಭೇಟಿಯಲ್ಲಿ ಮತ್ತೆ ಮತ್ತೆ ಹೇಳಬೇಕಾಗುತ್ತದೆ, ಹೇಳುತ್ತೇನೆ.

ಎರಡು ಪಾಲುಗಳು ಬೇರೆ ಬೇರೆಯಾಗಿ ನಿಲ್ಲದಿರುವುದಕ್ಕೆ ಇನ್ನೊಂದು ಕಾರಣವಿದೆ. ಮಾತನಾಡಲು ಹಿಂಜರಿಯುವ ಒಬ್ಬ ಹುಡುಗಿಯನ್ನು ಅವಳ ತಂದೆ ಕರೆತಂದಿದ್ದರು. (ಗುರುತು ಸಿಗದಂತೆ ವಿವರಗಳನ್ನು ಬದಲಿಸಿದ್ದೇನೆ.) "ನನ್ನ ತಂಗಿಯೂ ಹೀಗೆಯೇ, ನಮ್ಮ ವಂಶದಲ್ಲೇ ಬಂದದ್ದು" ಎಂಬುದು ಅವರು ಕುಳಿತೊಡನೆ ಆಡಿದ ಮಾತು. ನಾನು ಹುಡುಗಿಯನ್ನು ಯಾವ ತರಗತಿ ಎಂದು ಕೇಳಿದೆ. ಅವಳು ಉಸಿರು ಎಳೆದುಕೊಂಡಳು, ತುಟಿ ತೆರೆದಳು. ಅಷ್ಟರಲ್ಲಿ ತಂದೆಯ ಉತ್ತರ ಬಂತು. ಗೆಳತಿಯರಿದ್ದಾರೆಯೇ ಎಂದೆ. ಮತ್ತೆ ತಂದೆ. ಅವರು ಒರಟರಲ್ಲ, ಮಗಳು ಒದ್ದಾಡುವುದನ್ನು ಒಂದು ಕ್ಷಣವೂ ನೋಡಲಾರದ ಮೃದು ಮನುಷ್ಯ. ಅವರನ್ನು ಹೊರಗೆ ಕೂರಲು ಹೇಳಿ ಅದೇ ಪ್ರಶ್ನೆಯನ್ನು ಮತ್ತೆ ಕೇಳಿ ಸುಮ್ಮನೆ ಕುಳಿತೆ. ಹುಡುಗಿ ಪೆನ್ನಿನ ಮುಚ್ಚಳ ತೆಗೆದಳು, ಹಾಕಿದಳು, ಮತ್ತೆ ತೆಗೆದಳು. ಆಮೇಲೆ ಒಬ್ಬ ಗೆಳತಿಯ ಹೆಸರು ಹೇಳಿದಳು. ಆ ಗೆಳತಿ ಶಾಲೆ ಬದಲಿಸಿದ್ದು, ಈಗ ಬೆಂಚಿನ ತುದಿಯಲ್ಲಿ ತಾನೊಬ್ಬಳೇ ಕೂರುವುದು, ಹೀಗೆ ಒಂದೊಂದಾಗಿ ಬಂತು.

ನಿಧಾನವಾಗಿ ಬೆರೆಯುವ ಸ್ವಭಾವ ಅವಳಿಗೆ ಹುಟ್ಟಿನಿಂದಲೇ ಬಂದಿರಬಹುದು. ನ್ಯೂಯಾರ್ಕ್‌ನಲ್ಲಿ 1956ರಿಂದ ಮಕ್ಕಳನ್ನು ಎಳವೆಯಿಂದಲೇ ಗಮನಿಸುತ್ತ ಬಂದ ಅಲೆಕ್ಸಾಂಡರ್ ಥಾಮಸ್ ಮತ್ತು ಸ್ಟೆಲ್ಲಾ ಚೆಸ್ ದಂಪತಿ ಇಂಥ ಮಕ್ಕಳನ್ನು ಒಂದು ಪ್ರತ್ಯೇಕ ಬಗೆಯಾಗಿಯೇ ಗುರುತಿಸಿದ್ದರು. ಆದರೆ ಅವಳ ನಿಧಾನವೇ ತಂದೆಯ ಅವಸರವನ್ನು ಕರೆಯಿತು. ಆ ಅವಸರ ಅವಳ ಬಾಯಿ ಇನ್ನಷ್ಟು ಕಟ್ಟಿತು. ಇದರಲ್ಲಿ ವಂಶವಾಹಿ ಎಲ್ಲಿ ಮುಗಿದು ಪರಿಸರ ಎಲ್ಲಿ ಶುರುವಾಯಿತು? ಥಾಮಸ್ ಮತ್ತು ಚೆಸ್ ಒತ್ತಿ ಹೇಳಿದ್ದೂ ಇದನ್ನೇ: ಮಗುವಿನ ಸ್ವಭಾವಕ್ಕೂ ಸುತ್ತಲಿನವರ ನಿರೀಕ್ಷೆಗೂ ಹೊಂದಿಕೆ ಇದೆಯೇ ಎಂಬುದನ್ನು ನೋಡಬೇಕು. ಆ ತಂದೆಗೆ ನಾನು ಕೊಟ್ಟ ಕೆಲಸ ಒಂದೇ. ಯಾರಾದರೂ ಮಗಳನ್ನು ಏನಾದರೂ ಕೇಳಿದರೆ ಮನಸ್ಸಿನಲ್ಲೇ ಹತ್ತು ಎಣಿಸಿ. ಅದು ಅವರಿಗೆ ಎಷ್ಟು ಕಷ್ಟವಾಯಿತೆಂದು ಮುಂದಿನ ಭೇಟಿಯಲ್ಲಿ ಕಣ್ಣು ಒದ್ದೆ ಮಾಡಿಕೊಂಡು ಹೇಳಿದರು. ಅವರ ಬಗ್ಗೆ ನನಗೆ ಇಂದಿಗೂ ಅಕ್ಕರೆಯಿದೆ.

ಹಿರಿಯ ಮಗ ಜವಾಬ್ದಾರಿಯವನು, ಕೊನೆಯವಳು ಹಟಮಾರಿ ಎಂಬ ಮಾತನ್ನೂ ದಿನವೂ ಕೇಳುತ್ತೇನೆ. ಇಪ್ಪತ್ತು ಸಾವಿರಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿದ 2015ರ ಜರ್ಮನ್ ಸಂಶೋಧಕರ ಅಧ್ಯಯನದಲ್ಲಿ ಹುಟ್ಟಿದ ಕ್ರಮಕ್ಕೂ ಬಹಿರ್ಮುಖತೆ, ಶಿಸ್ತು, ಹೊಂದಾಣಿಕೆಯಂಥ ಗುಣಗಳಿಗೂ ನಂಟು ಕಾಣಲಿಲ್ಲ. ಅಷ್ಟು ಸಾಕು.

ಹಾಗಾದರೆ ಸ್ವಭಾವ ಬದಲಾಗುತ್ತದೆಯೇ? ಒಂದು ಮಟ್ಟಕ್ಕೆ, ಹೌದು. ಏನನ್ನೂ ಮಾಡದಿದ್ದರೂ ಇಪ್ಪತ್ತರಿಂದ ನಲವತ್ತರ ವಯಸ್ಸಿನೊಳಗೆ ಸರಾಸರಿ ಜನರಲ್ಲಿ ಶಿಸ್ತು ಮತ್ತು ಮನಸ್ಸಿನ ಸ್ಥಿರತೆ ಹೆಚ್ಚುತ್ತವೆ. ಚಿಕಿತ್ಸೆಯ ಬಗ್ಗೆ ಹೇಳುವುದಾದರೆ, 207 ಅಧ್ಯಯನಗಳನ್ನು ಒಟ್ಟುಗೂಡಿಸಿದ 2017ರ ವಿಶ್ಲೇಷಣೆಯೊಂದರಲ್ಲಿ ಎಲ್ಲಕ್ಕಿಂತ ಹೆಚ್ಚು ಬದಲಾದದ್ದು ಭಾವನಾತ್ಮಕ ಸ್ಥಿರತೆಯೇ, ಅದೂ ಕೆಲವೇ ತಿಂಗಳುಗಳ ಅವಧಿಯಲ್ಲಿ. ಸಿಟ್ಟು, ಕಳವಳಗಳು ಈ ಬಾಬತ್ತಿಗೇ ಸೇರಿದವು. ಇವೆಲ್ಲ ಸರಾಸರಿಯ ಮಾತುಗಳು. ನಿಮಗೆ ಇಷ್ಟೇ ಆಗುತ್ತದೆ ಎಂದು ಯಾರೂ ಭರವಸೆ ಕೊಡುವಂತಿಲ್ಲ, ನಾನೂ ಕೊಡುವುದಿಲ್ಲ. ಮೌನಿಯೊಬ್ಬರು ಸಭೆಯ ನಡುವೆ ನಿಂತು ಕುಣಿಯುವಂತಾಗಲಿ ಎಂದು ಬಯಸುವುದೂ ಬೇಡ. ಆದರೆ ಸಿಟ್ಟು ಯಾವ ಹೊತ್ತಿಗೆ, ಯಾರ ಮುಂದೆ, ಎಷ್ಟು ನಿದ್ದೆಗೆಟ್ಟ ಮೇಲೆ, ಮದ್ಯ ಹೊಟ್ಟೆಯಲ್ಲಿದ್ದಾಗಲೋ ಇಲ್ಲದಾಗಲೋ ಬರುತ್ತದೆ ಎಂದು ಕೇಳತೊಡಗಿದರೆ ಕೆಲಸಕ್ಕೆ ಹಿಡಿತ ಸಿಗುತ್ತದೆ. ಅಪ್ಪನೂ ಸಿಟ್ಟಿನವರೇ ಎಂಬ ಮಾಹಿತಿ ನನಗೆ ಬೇಕು, ಬರೆದುಕೊಳ್ಳುತ್ತೇನೆ. ಅಷ್ಟಕ್ಕೇ ಕಡತ ಮುಚ್ಚುವುದಿಲ್ಲ.

"ರಕ್ತದಲ್ಲೇ ಇದೆ" ಎಂಬ ಮಾತು ನಿಜಕ್ಕೂ ಅಪಾಯಕ್ಕೆ ದಾರಿ ಮಾಡುವ ಸಂದರ್ಭವೊಂದಿದೆ. ಜೀವನವಿಡೀ ಶಾಂತವಾಗಿದ್ದವರು ನಡುವಯಸ್ಸಿನಲ್ಲಿ ಇದ್ದಕ್ಕಿದ್ದಂತೆ ಒರಟಾಗುತ್ತಾರೆ, ನಾಚಿಕೆ ಬಿಟ್ಟು ವರ್ತಿಸುತ್ತಾರೆ, ಪ್ರೀತಿಸಿದವರ ನೋವಿಗೂ ಕದಲುವುದಿಲ್ಲ. "ಈಗ ಅವರಪ್ಪನ ಗುಣ ಹೊರಬಿತ್ತು" ಎಂದು ಮನೆಯವರು ವರ್ಷಗಟ್ಟಲೆ ಸಹಿಸಿಕೊಳ್ಳುತ್ತಾರೆ. ಇದಕ್ಕೆ ಥೈರಾಯ್ಡ್ ಏರುಪೇರು ಕಾರಣವಿರಬಹುದು, ಖಿನ್ನತೆ ಇರಬಹುದು, ಮಿದುಳಿನ ಮುಂಭಾಗವನ್ನು ಬಾಧಿಸುವ ಮರೆವಿನ ಕಾಯಿಲೆಯ ಆರಂಭವೂ ಇರಬಹುದು. ಆ ಕಾಯಿಲೆ ಹಲವರಲ್ಲಿ 45ರಿಂದ 65ರ ನಡುವೆಯೇ ಶುರುವಾಗುತ್ತದೆ, ಮೊದಲು ಕೆಡುವುದು ನೆನಪಿಗಿಂತ ನಡವಳಿಕೆ. ಇಂಥವರನ್ನು ನನ್ನ ಬಳಿ ಕರೆತರುವ ಮುಂಚೆ ವೈದ್ಯರಿಗೆ, ಅಗತ್ಯವಿದ್ದರೆ ನರರೋಗ ತಜ್ಞರಿಗೆ ತೋರಿಸಿ. ಬದಲಾವಣೆ ಯಾವಾಗ ಶುರುವಾಯಿತು, ಮೊದಲು ಏನು ಕಂಡಿತು ಎಂದು ಬರೆದಿಟ್ಟುಕೊಂಡು ಹೋಗಿ. ಮನೆಯವರೊಬ್ಬರು ಜೊತೆಯಲ್ಲಿರಲೇಬೇಕು, ಏಕೆಂದರೆ ತಮ್ಮಲ್ಲಿ ಏನಾದರೂ ಬದಲಾಗಿದೆ ಎಂಬ ಅರಿವು ರೋಗಿಗೆ ಇಲ್ಲದಿರುವುದೇ ಹೆಚ್ಚು.